ಹೆಸರಫಲಕವೇ ಕಾರಲ್ಲ: ಹಳೆಯ ಮಾರುತಿ 800ರಲ್ಲಿ ಅಸಲಿ ಮಾದರಿ ಯಾವುದು, ಜೋಡಣೆ ಯಾವುದು?

ಹೊರಗೆ ಒತ್ತಿದ ಮುದ್ರೆಯನ್ನಷ್ಟೇ ನೋಡಿ ಹತ್ತಿಯ ಅಂಡಿಗೆ ಕೊಳ್ಳುವ ವರ್ತಕನು ಬೈಲಹೊಂಗಲದ ಪೇಟೆಯಲ್ಲಿ ದೊರೆಯುವುದು ದುರ್ಲಭ. ಅರಳೆಯನ್ನು ಬೆರಳಲ್ಲಿ ಎಳೆದು, ಎಳೆಯ ಉದ್ದವನ್ನು ಅಂದಾಜಿಸಿದ ಬಳಿಕವೇ ಆತನು ದರದ ಮಾತೆತ್ತುತ್ತಾನೆ. ಆದರೆ ಅದೇ ವರ್ತಕನು ಹಳೆಯ ಸಣ್ಣ ಕಾರನ್ನು ಕೊಳ್ಳುವಾಗ, ಹಿಂಬಾಗಿಲಿಗೆ ಅಂಟಿಸಿದ ಹೆಸರಫಲಕವನ್ನು ನಂಬಿ ಹಣ ಎಣಿಸುವ ಸಂಭವವುಂಟು. ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತ ಮೇಲೆ ಈ ಕಾರು ಬಳಕೆಯ ವಸ್ತುವಿನ ಜೊತೆಗೆ ಹವ್ಯಾಸದ ವಸ್ತುವೂ ಆಗಿದೆ. ಕಾರ್ಖಾನೆಯಿಂದಲೇ ಹೆಚ್ಚು ಶಕ್ತಿಯೊಡನೆ ಹೊರಬಂದ ಮಾದರಿಗೂ, ಗ್ಯಾರೇಜಿನಲ್ಲಿ ಬಿಡಿಭಾಗ ಜೋಡಿಸಿ ವೇಗ ಹೆಚ್ಚಿಸಿದ ಕಾರಿಗೂ ಇರುವ ಅಂತರವನ್ನು ಅರಿಯುವುದು ಈಗ ಬೆಲೆಯ ಪ್ರಶ್ನೆಯಷ್ಟೇ ಅಲ್ಲ, ಕಾನೂನಿನ ಪ್ರಶ್ನೆಯೂ ಆಗಿದೆ.

ಮಿನಿ ಕಾರು ಕಲಿಸಿದ ಪಾಠ

ಈ ಸಮಸ್ಯೆಯನ್ನು ಬ್ರಿಟನ್ನಿನ ಹಳೆಯ ಕಾರುಗಳ ಮಾರುಕಟ್ಟೆ ಬಹುಕಾಲದಿಂದ ಎದುರಿಸುತ್ತ ಬಂದಿದೆ. 1959ರಲ್ಲಿ ಬಂದ ಮಿನಿ ಕಾರಿನ ಎಂಜಿನ್ 848 ಸಿಸಿಯದು. 1961ರಲ್ಲಿ ಜಾನ್ ಕೂಪರ್ ಅವರ ಹೆಸರಿನಲ್ಲಿ 997 ಸಿಸಿಯ, ಎರಡು ಕಾರ್ಬ್ಯುರೇಟರುಗಳ, 55 ಅಶ್ವಶಕ್ತಿಯ ಮಿನಿ ಕೂಪರ್ ಬಂದಿತು. 1963ರಲ್ಲಿ ಇನ್ನೂ ಬಲವಾದ ಕೂಪರ್ ಎಸ್ ಮಾದರಿ ಹೊರಬಂದು, ಮರುವರ್ಷ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದಿತು. ತಯಾರಕ ಸಂಸ್ಥೆಯ ವಿಶೇಷ ವಿಭಾಗವೇ ವೇಗ ಹೆಚ್ಚಿಸುವ ಬಿಡಿಭಾಗಗಳನ್ನು ಸಾರ್ವಜನಿಕರಿಗೆ ಮಾರತೊಡಗಿದ್ದರಿಂದ ಸಾಧಾರಣ ಮಿನಿಯನ್ನು ಕೂಪರ್‌ನಂತೆ ತೋರಿಸುವುದು ಸುಲಭವಾಯಿತು.

ಹಾಗಾಗಿ ಅಲ್ಲಿನ ಪರಿಣತರು ಫಲಕವನ್ನು ಬಿಟ್ಟು ಎಂಜಿನ್ನನ್ನೇ ನೋಡುತ್ತಾರೆ. ಸಾಧಾರಣ ಎಂಜಿನ್ನಿನ ಸಿಲಿಂಡರ್ ಹೆಡ್ಡನ್ನು 9 ಸ್ಟಡ್‌ಗಳು ಹಿಡಿದಿದ್ದರೆ, ಕೂಪರ್ ಎಸ್‌ನಲ್ಲಿ 10 ಸ್ಟಡ್ ಮತ್ತು 1 ಬೋಲ್ಟ್ ಇರುತ್ತವೆ. ಕೂಪರ್‌ನ ಮುಂದಿನ ಡಿಸ್ಕ್ ಬ್ರೇಕು 7 ಇಂಚು, ಎಸ್‌ನದು 7.5 ಇಂಚು. ಇಷ್ಟಾದರೂ ಕೊನೆಯ ತೀರ್ಮಾನ ಕಾಗದದ್ದೇ. ಅಲ್ಲಿನ ಮೋಟಾರು ಪರಂಪರೆ ಟ್ರಸ್ಟ್, ಕಾರ್ಖಾನೆಯ ಮೂಲ ಖಾತೆಪುಸ್ತಕಗಳ ಆಧಾರದ ಮೇಲೆ ಪ್ರಮಾಣಪತ್ರ ನೀಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಇದ್ದದ್ದು ಅಸಲಿ, ಇಲ್ಲದ್ದು ಜೋಡಣೆ.

ಮಾರುತಿಯ ವಂಶಾವಳಿ

ಮೊದಲ ಮಾರುತಿ 800 ಗ್ರಾಹಕರ ಕೈಸೇರಿದ್ದು 1983ರ ಡಿಸೆಂಬರ್ 14ರಂದು. ಎಸ್‌ಎಸ್80 ಎಂದು ಹೆಸರಾದ ಈ ಮೊದಲ ಪೀಳಿಗೆಯಲ್ಲಿ 796 ಸಿಸಿಯ, ಮೂರು ಸಿಲಿಂಡರಿನ ಎಫ್8ಬಿ ಎಂಜಿನ್ನೂ ನಾಲ್ಕು ಗೇರುಗಳೂ ಇದ್ದವು. 1986ರಲ್ಲಿ ಹೊಸ ದೇಹದ ಎಸ್‌ಬಿ308 ಬಂದರೂ ಎಂಜಿನ್ ಅದೇ ಉಳಿಯಿತು. 2000ದ ಸುಮಾರಿಗೆ ಬಂದ 800 ಇಎಕ್ಸ್ ಮಾದರಿ ಮಾತ್ರ ನಿಜವಾಗಿ ಭಿನ್ನವಾದುದು. ಇದರಲ್ಲಿ ಅದೇ 796 ಸಿಸಿಯಾದರೂ 12 ಕವಾಟಗಳ, ಎಂಪಿಎಫ್‌ಐ ಇಂಧನ ವ್ಯವಸ್ಥೆಯ ಎಫ್8ಡಿ ಎಂಜಿನ್ ಇದ್ದು, ಸುಮಾರು 45 ಅಶ್ವಶಕ್ತಿಯೂ ಐದು ಗೇರುಗಳೂ ಇದ್ದವು. ಸಾಧಾರಣ ಮಾದರಿಯ ಶಕ್ತಿ ಸುಮಾರು 37 ಅಶ್ವಶಕ್ತಿ.

ಇನ್ನು 'ವರ್ಕ್ಸ್' ಎಂಬ ಫಲಕದ ವಿಚಾರ. ಜಪಾನಿನಲ್ಲಿ ಸುಜುಕಿ ಸಂಸ್ಥೆಯು 1987ರಲ್ಲಿ ಆಲ್ಟೊ ವರ್ಕ್ಸ್ ಎಂಬ ಕಾರನ್ನು ಹೊರತಂದಿತು. ಅದರ ದೇಹ ಎಸ್‌ಬಿ308ರ ದೇಹಕ್ಕೆ ಹತ್ತಿರದ ನೆಂಟ. ಎಂಜಿನ್ ಮಾತ್ರ 543 ಸಿಸಿಯ ಟರ್ಬೊ, ಶಕ್ತಿ 64 ಅಶ್ವಶಕ್ತಿ. ಆ ಕಾರು ಭಾರತದ ಮಾರುಕಟ್ಟೆಗೆ ಬರಲಿಲ್ಲ. ಆದುದರಿಂದ 796 ಸಿಸಿಯ ಮಾರುತಿಯ ಮೇಲೆ ಆ ಫಲಕ ಕಂಡರೆ, ಅದು ನಿಸ್ಸಂಶಯವಾಗಿ ಹೊರಗಿನ ಅಲಂಕಾರ.

ಪರೀಕ್ಷಿಸುವ ಕ್ರಮ

1. ಸ್ಪಾರ್ಕ್ ಪ್ಲಗ್ ತಂತಿಗಳನ್ನು ಎಣಿಸಬೇಕು. ಮಾರುತಿ 800ಕ್ಕೆ ಮೂರೇ ಸಿಲಿಂಡರು. ನಾಲ್ಕು ಪ್ಲಗ್ ಕಂಡರೆ ಬೇರೆ ಕಾರಿನ ಎಂಜಿನ್ ಕೂರಿಸಲಾಗಿದೆ ಎಂದರ್ಥ. 1993ರಲ್ಲಿ ಬಂದ ಜೆನ್ ಕಾರಿನ 993 ಸಿಸಿಯ ಜಿ10ಬಿ ಎಂಜಿನ್ ನಾಲ್ಕು ಸಿಲಿಂಡರಿನದು.

2. ಎಂಪಿಎಫ್‌ಐ ಇದ್ದಮಾತ್ರಕ್ಕೆ ಇಎಕ್ಸ್ ಎಂದು ಒಪ್ಪಬಾರದು. ನಂತರದ ಸಾಧಾರಣ 800ರಲ್ಲಿಯೂ ಆ ವ್ಯವಸ್ಥೆ ಬಂದಿತು. ಆದರೆ ಅದಕ್ಕೆ ಗೇರು ನಾಲ್ಕೇ.

3. ಐದನೆಯ ಗೇರು ಇದ್ದರೂ ಪರೀಕ್ಷೆ ಮುಗಿಯದು. 2000ದಲ್ಲಿ ಭಾರತಕ್ಕೆ ಬಂದ ಮಾರುತಿ ಆಲ್ಟೊದ ಎಫ್8ಡಿ ಎಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ಸಾಧಾರಣ 800ಕ್ಕೆ ಜೋಡಿಸಬಹುದು. ಕೊಳ್ಳುವವರು ಎಡವುವುದು ಇಲ್ಲಿಯೇ. ಎರಡೂ ಎಂಜಿನ್ 796 ಸಿಸಿಯವಾದ್ದರಿಂದ ಆರ್‌ಸಿ ಪುಸ್ತಕದ ಸಿಸಿ ಕಾಲಮ್ ಈ ಬದಲಾವಣೆಯನ್ನು ತೋರಿಸುವುದಿಲ್ಲ. ಎಂಜಿನ್ ಮೇಲೆ ಅಚ್ಚೊತ್ತಿದ ಸಂಖ್ಯೆಯನ್ನು ಆರ್‌ಸಿಯ ಸಂಖ್ಯೆಯೊಡನೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು. ಮೊದಲ ಅಕ್ಷರಗಳೇ ಎಂಜಿನ್ನಿನ ಜಾತಿ ಹೇಳುತ್ತವೆ.

4. ಚಾಸಿ ಸಂಖ್ಯೆಯನ್ನೂ ಹಾಗೆಯೇ ತಾಳೆ ನೋಡಬೇಕು. ಉಜ್ಜಿದ, ಬೆಸುಗೆ ಹಾಕಿದ ಗುರುತಿದ್ದರೆ ವ್ಯವಹಾರವನ್ನು ಅಲ್ಲಿಗೇ ಕೈಬಿಡುವುದು ಲೇಸು.

5. ಎಸ್‌ಎಸ್80 ಎನ್ನುವ ಕಾರಿಗೆ ಕೆಎ 24 ಸಂಖ್ಯೆ ಇದ್ದರೆ ಹಿಂದಿನ ನೋಂದಣಿಯ ದಾಖಲೆ ಕೇಳಬೇಕು. 'ಕೆಎ' ಸರಣಿ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಯಾದ ಮೇಲೆ. 1983ರಿಂದ 1986ರವರೆಗಿನ ಕಾರು ಮೊದಲು ಬೇರೆ ಸಂಖ್ಯೆಯಲ್ಲಿಯೇ ನೋಂದಣಿಯಾಗಿರಬೇಕು.

ಕಾನೂನು ಮತ್ತು ಲೆಕ್ಕ

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಲು ಮಾಲೀಕನಿಗೆ ಅಧಿಕಾರವಿಲ್ಲ. 2019ರ ಜನವರಿ 9ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ದಾಖಲೆಗೆ ಹೊಂದದ ಎಂಜಿನ್ನಿನ ಕಾರು ಅಪಘಾತಕ್ಕೀಡಾದಾಗ ವಿಮೆಯ ಹಕ್ಕುಸಾಧನೆಗೂ ಅಡ್ಡಿ ಬರಬಹುದು.

ಮಾರುವವರೂ ಎಚ್ಚರ ವಹಿಸಬೇಕು. 1930ರ ಸರಕು ಮಾರಾಟ ಕಾಯ್ದೆಯ 15ನೆಯ ಕಲಮಿನಂತೆ, ವರ್ಣನೆಯ ಮೇಲೆ ಮಾರಿದ ವಸ್ತು ಆ ವರ್ಣನೆಗೆ ಹೊಂದಿರಲೇಬೇಕು. ರಶೀದಿಯಲ್ಲಿ '800 ಇಎಕ್ಸ್' ಎಂದು ಬರೆದರೆ ಅದು ಹೊಗಳಿಕೆಯ ಮಾತಾಗಿ ಉಳಿಯದೆ ಕರಾರಿನ ಷರತ್ತಾಗುತ್ತದೆ.

ಹಳೆಯ ಕಾರುಗಳ ವ್ಯಾಪಾರ ಮಾಡುವ ನೋಂದಾಯಿತ ವರ್ತಕರಿಗೆ ಜಿಎಸ್‌ಟಿಯ ಒಂದು ಸೂಕ್ಷ್ಮವೂ ಇದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, 2025ರ ಜನವರಿ 16ರಿಂದ ಮಾರಾಟದ ಬೆಲೆಗೂ ಖರೀದಿ ಬೆಲೆಗೂ ಇರುವ ಅಂತರದ ಮೇಲೆ ಶೇ. 18 ತೆರಿಗೆ. ಉದಾಹರಣೆಗೆ, ವರ್ತಕನೊಬ್ಬನು 60,000 ರೂಪಾಯಿಗೆ ಕಾರು ಕೊಂಡು, 40,000 ರೂಪಾಯಿಯ ಕಿಟ್ ಜೋಡಿಸಿ, 1,20,000 ರೂಪಾಯಿಗೆ ಮಾರಿದನೆನ್ನೋಣ. ಆತನ ಕೈಗೆ ಉಳಿಯುವುದು 20,000 ರೂಪಾಯಿ. ಆದರೆ ಖರೀದಿ ಬೆಲೆ ಎಂಬ ಮಾತಿನಲ್ಲಿ ಕಿಟ್‌ನ ವೆಚ್ಚ ಅಡಗುವುದಿಲ್ಲವಾದ್ದರಿಂದ ತೆರಿಗೆ ಬೀಳುವುದು 60,000 ರೂಪಾಯಿಯ ಮೇಲೆ. 3,600 ಎಂದು ಎಣಿಸಿದವನು 10,800 ರೂಪಾಯಿ ಕಟ್ಟಬೇಕಾಗುತ್ತದೆ. ದರ ನಿಗದಿ ಮಾಡುವ ಮೊದಲೇ ಈ ಲೆಕ್ಕ ಹಾಕುವುದು ಯುಕ್ತ.

2033ರ ಮೇಲೊಂದು ಕಣ್ಣು

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನಕ್ಕೆ 'ವಿಎ' ಅಕ್ಷರಗಳ ವಿಶೇಷ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಆದರೆ ವಾಹನ ಮೂಲರೂಪದಲ್ಲಿಯೇ ಇರಬೇಕು. ಚಾಸಿ, ದೇಹ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡಾಗಿರಬಾರದು ಎಂಬ ಷರತ್ತಿದೆ.

ಮೊಟ್ಟಮೊದಲ ಮಾರುತಿಗಳಿಗೆ 50 ವರ್ಷ ತುಂಬುವುದು 2033ರ ಡಿಸೆಂಬರಿನಲ್ಲಿ. ಇಂದು ಎಸ್‌ಎಸ್80ರ ಎಂಜಿನ್ ಕಿತ್ತು ಜೆನ್‌ನ ಎಂಜಿನ್ ಕೂರಿಸುವವನು ಒಂದಿಷ್ಟು ವೇಗವನ್ನು ಕೊಂಡು, ಆ ದಿನದ ಅರ್ಹತೆಯನ್ನು ಮಾರಿದಂತಾಗುತ್ತದೆ. ಮೂಲ ಎಂಜಿನ್ನನ್ನು ಗುಜರಿಗೆ ಹಾಕಿದರಂತೂ ಹಿಂದಿರುಗುವ ದಾರಿಯೇ ಮುಚ್ಚುತ್ತದೆ.

ಹಾಗೆಂದು ಜೋಡಣೆಯ ಕೆಲಸವೇ ಕೀಳೆಂದು ಭಾವಿಸಬೇಕಾಗಿಲ್ಲ. ಬಂಪರು, ಆಸನ, ಅಲಂಕಾರದ ಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳಿಗೆ ಇದರಲ್ಲಿ ನ್ಯಾಯವಾದ ದುಡಿಮೆಯಿದೆ. ಅವರು ತಮ್ಮ ಸರಕನ್ನು ತಮ್ಮದೇ ಹೆಸರಿನಲ್ಲಿ, ಬಿಲ್ಲಿನೊಡನೆ ಮಾರಬೇಕು. ಅನ್ಯರ ವ್ಯಾಪಾರಮುದ್ರೆಯನ್ನು ಅನುಕರಿಸುವುದು 1999ರ ಕಾಯ್ದೆಯಡಿ ಅಪರಾಧ. ಜೋಡಣೆಯನ್ನು ಜೋಡಣೆಯೆಂದೇ ಹೇಳಿ ಮಾರಿದ ಕಾರಿಗೂ ಗಿರಾಕಿ ಇದ್ದಾನೆ, ಅದಕ್ಕೆ ತಕ್ಕ ಬೆಲೆಯೂ ಇದೆ. ಅಸಲಿಯ ಬೆಲೆಯನ್ನು ಅಸಲಿಗೆ ಮಾತ್ರ ಕೊಡುವುದು ಕೊಳ್ಳುವವನ ಹೊಣೆ. ಅದಕ್ಕೆ ಬೇಕಾದದ್ದು ಒಂದು ಟಾರ್ಚು, ಆರ್‌ಸಿ ಪುಸ್ತಕ ಮತ್ತು ಅರ್ಧ ಗಂಟೆಯ ತಾಳ್ಮೆ.