ಕೊಟ್ಟಿಗೆ ಸುತ್ತ ಆಡುವ ಮಕ್ಕಳು: ಅವಘಡ ತಡೆಯಲು ಡೇರಿಯೂ ಕೈಜೋಡಿಸಲಿ

ಅಕ್ಕಂದಿರೇ, ಹಸುವಿಗೆ ಕೆಚ್ಚಲು ಬಾತರೆ ಯಾರಿಗೆ ಫೋನು ಮಾಡಬೇಕೆಂದು ನಿಮಗೆಲ್ಲ ಗೊತ್ತು. ಪಶುವೈದ್ಯರ ನಂಬರು ಡೇರಿಯ ಗೋಡೆ ಮೇಲೆ ಬರೆದಿದೆ, ನಿಮ್ಮ ಮೊಬೈಲಿನಲ್ಲೂ ‘ಹಸು ಡಾಕ್ಟ್ರು’ ಅಂತ ಇದೆ. ಅದೇ ಕೊಟ್ಟಿಗೆಯಲ್ಲಿ ನಿಮ್ಮ ಮಗುವಿನ ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕರೆ, ಉಣ್ಣೆ ಔಷಧಿ ಬಾಯಿಗೆ ಹೋದರೆ ಯಾರಿಗೆ ಮೊದಲು ಫೋನು ಮಾಡುತ್ತೀರಿ? ಎಷ್ಟೋ ಮನೆಗಳಿಂದ ಅಂಥ ಹೊತ್ತಿನಲ್ಲೂ ಫೋನು ಬರುವುದು ನಮಗೇ. ನಾವು ದನದ ಡಾಕ್ಟರು. ಮಕ್ಕಳಿಗೆ ಔಷಧಿ ಕೊಡುವ ಅಧಿಕಾರವೂ ನಮಗಿಲ್ಲ, ಆ ವಿದ್ಯೆಯೂ ನಮ್ಮದಲ್ಲ. ಆದರೆ ದಿನವೂ ಹತ್ತಾರು ಕೊಟ್ಟಿಗೆ ಹೊಕ್ಕು ಬರುವವರು ನಾವು. ಯಾವ ಮನೆಯಲ್ಲಿ ಯಾವ ಅಪಾಯ ಕಾದು ಕೂತಿದೆ ಎಂಬುದು ಆಸ್ಪತ್ರೆಯಲ್ಲಿ ಕೂತ ವೈದ್ಯರಿಗಿಂತ ಮೊದಲು ನಮ್ಮ ಕಣ್ಣಿಗೆ ಬೀಳುತ್ತದೆ. ಈ ತಿಂಗಳು ಕೆಚ್ಚಲು ಬಾವು, ಗರ್ಭಧಾರಣೆ ಬಿಟ್ಟು ಮಕ್ಕಳ ವಿಷಯ ಬರೆಯುತ್ತಿರುವುದು ಅದಕ್ಕೇ.

ನಾನು ನೋಡಿದ, ಕೇಳಿದ ಅವಘಡಗಳಲ್ಲಿ ಹೆಚ್ಚಿನವು ಹಾಲು ಕರೆಯುವ ಹೊತ್ತಿನಲ್ಲೇ ಆದವು. ಬೆಳಿಗ್ಗೆ ಐದೂವರೆಯಿಂದ ಏಳೂವರೆ, ಮತ್ತೆ ಸಂಜೆ ಅದೇ ಓಟ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಹಗ್ಗ, ಡೇರಿ ಬಾಗಿಲು ಮುಚ್ಚುವ ಆತುರ. ಮಗು ಎಲ್ಲಿದೆ ಎಂದು ನೋಡುವ ಕಣ್ಣು ಆಗ ಯಾರದು? ಇದನ್ನು ತಾಯಿಯ ಅಜಾಗರೂಕತೆ ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೆಲಸ ಒಬ್ಬಳ ಮೇಲೆ ಹೇರಿದಾಗ ಕಾವಲೂ ಅವಳೊಬ್ಬಳದೇ ಆಗುತ್ತದೆ.

ಇನ್ನೊಂದು ಮಾತು. ಮಗು ಚಿಕ್ಕದಾದಷ್ಟೂ ಸಮಯ ಕಡಿಮೆ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಹೆಚ್ಚುಕಡಿಮೆ ಮುಕ್ಕಾಲು ಲೀಟರು. ಒಂದು ಲೀಟರಿನ ಹಾಲಿನ ಅಳತೆ ಪಾತ್ರೆಯೂ ತುಂಬುವುದಿಲ್ಲ. ದೊಡ್ಡವರು ತಡೆದುಕೊಳ್ಳುವ ರಕ್ತಸ್ರಾವವನ್ನು ಮಗು ತಡೆಯಲಾರದು.

ಮೇವು ಕತ್ತರಿಸುವ ಯಂತ್ರ

ಸೀಮೆಹುಲ್ಲು, ಜೋಳದ ದಂಟು ಕತ್ತರಿಸಿ ಹಾಕಿದರೆ ಮೇವು ಪೋಲಾಗುವುದಿಲ್ಲ ಎಂದು ಹೇಳಿ ಚಾಫ್ ಕಟರ್ ಕೊಳ್ಳಿಸುವವರಲ್ಲಿ ನಾವೂ ಇದ್ದೇವೆ. ಆದ್ದರಿಂದ ಅದರ ಅಪಾಯ ಹೇಳುವ ಹೊಣೆಯೂ ನಮ್ಮದು.

ದೆಹಲಿ ಐಐಟಿಯ ಪ್ರೊ. ದಿನೇಶ್ ಮೋಹನ್ ಮತ್ತು ಅವರ ಸಂಗಡಿಗರು ಹರಿಯಾಣದ ಹಳ್ಳಿಗಳಲ್ಲಿ ಈ ಯಂತ್ರದಿಂದಾಗುವ ಗಾಯಗಳನ್ನು ಮನೆಮನೆಗೆ ಹೋಗಿ ಅಧ್ಯಯನ ಮಾಡಿದ್ದರು. ಬೆರಳು, ಕೈ ಕಳೆದುಕೊಂಡವರಲ್ಲಿ ಮಕ್ಕಳ ಪಾಲು ದೊಡ್ಡದು. ಮೇವು ಕತ್ತರಿಸುವಾಗ ಮಾತ್ರವಲ್ಲ, ಯಂತ್ರ ಸುಮ್ಮನೆ ನಿಂತಿದ್ದಾಗ ಅದರ ಚಕ್ರ ತಿರುಗಿಸಿ ಆಡುತ್ತಲೂ ಮಕ್ಕಳಿಗೆ ಪೆಟ್ಟಾಗಿತ್ತು. ಅವರು ‘ಹುಷಾರಾಗಿರಿ’ ಎಂದು ಬರೀ ಬುದ್ಧಿ ಹೇಳಿ ಬಿಡಲಿಲ್ಲ, ಯಂತ್ರವನ್ನೇ ತಿದ್ದಿದರು. ಕೆಲಸವಿಲ್ಲದಾಗ ಚಕ್ರ ತಿರುಗದಂತೆ ಒಂದು ಕೀಲು, ಹಲ್ಲುಚಕ್ರಗಳ ಮೇಲೆ ಮುಚ್ಚಳ, ಅಲಗಿಗೆ ತಡೆ, ಮೇವು ಎಳೆದುಕೊಳ್ಳುವ ರೋಲರಿನ ಮುಂದೆ ಕೈ ಹತ್ತಿರ ಬಂದರೆ ಎಚ್ಚರಿಸುವ ಇನ್ನೊಂದು ಚಿಕ್ಕ ರೋಲರು. ಇವೆಲ್ಲ ಊರಿನ ಕಮ್ಮಾರರು, ವೆಲ್ಡಿಂಗ್ ಅಂಗಡಿಯವರು ಮಾಡಿಕೊಡಬಲ್ಲ ಕೆಲಸಗಳೇ.

ನಮ್ಮ ಕಡೆ ಈಗ ಕೈಯಂತ್ರಕ್ಕಿಂತ ಮೋಟಾರಿನದೇ ಹೆಚ್ಚು. ನಿಮ್ಮ ಯಂತ್ರದ ಹತ್ತಿರ ಹೋಗಿ ನೋಡಿ. ಬೆಲ್ಟಿನ ಮೇಲೆ ಮುಚ್ಚಳ ಇದೆಯೇ, ರಿಪೇರಿಗೆ ಬಿಚ್ಚಿದ್ದು ಮೂಲೆಯಲ್ಲಿ ಬಿದ್ದಿದೆಯೇ? ಸ್ವಿಚ್ಚು ಮಗುವಿನ ಕೈಗೆ ಎಟಕುತ್ತದೆಯೇ? ಮೇವು ಹಾಕುತ್ತಿರುವವರ ಕೈಗೆ ಎಟಕುತ್ತದೆಯೇ? ಮೊದಲನೆಯದಕ್ಕೆ ಉತ್ತರ ‘ಇಲ್ಲ’ ಆಗಿರಬೇಕು, ಎರಡನೆಯದಕ್ಕೆ ‘ಹೌದು’. ಕೆಲಸ ಮುಗಿದ ಮೇಲೆ ಪ್ಲಗ್ಗು ಕಿತ್ತು ಮೇಲಿಡಿ. ಯಂತ್ರ ಓಡುವಾಗ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಹೆಣ್ಣುಮಕ್ಕಳ ಜಡೆ, ದುಪ್ಪಟ್ಟಾ ಹತ್ತಿರ ಸುಳಿಯದಿರಲಿ. ಶಾಲೆಯಿಂದ ಬಂದ ಮಗನನ್ನೋ ಮಗಳನ್ನೋ ‘ಎರಡು ಕಂತೆ ಹಾಕಿಬಿಡು’ ಎಂದು ಯಂತ್ರದ ಮುಂದೆ ನಿಲ್ಲಿಸಬೇಡಿ.

ಆದರೂ ಕೈ ಸಿಕ್ಕಿತು ಅಂದುಕೊಳ್ಳಿ. ಮೊದಲು ಮೋಟಾರು ನಿಲ್ಲಿಸಿ, ಕೈಯನ್ನು ಬಲವಾಗಿ ಎಳೆಯಬೇಡಿ, ಚಕ್ರವನ್ನು ಹಿಮ್ಮುಖ ತಿರುಗಿಸಿ ಬಿಡಿಸಿ. ಶುಭ್ರ ಬಟ್ಟೆ ಮಡಚಿ ಗಾಯದ ಮೇಲಿಟ್ಟು ಒತ್ತಿ ಹಿಡಿಯಿರಿ, ಕೈ ಎದೆಗಿಂತ ಮೇಲಿರಲಿ. ಕಾಫಿಪುಡಿ, ಅರಿಶಿನ ಮೆತ್ತಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಹುಡುಕಿ, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸು ಹಾಕಿದ ನೀರಿನಲ್ಲಿಡಿ. ಬೆರಳಿಗೆ ಐಸು ನೇರವಾಗಿ ತಾಗಬಾರದು. ಬೇಗ ತಲುಪಿದರೆ ಮತ್ತೆ ಜೋಡಿಸುವ ಅವಕಾಶ ಇರುತ್ತದೆ. ‘ಹೋಯಿತಲ್ಲ’ ಎಂದು ಬೆರಳನ್ನು ಅಲ್ಲೇ ಬಿಟ್ಟು ಬಂದರೆ ಆ ಅವಕಾಶವೂ ಇಲ್ಲ.

ಜ್ಯೂಸ್ ಬಾಟಲಿಯಲ್ಲಿ ವಿಷ

ಉಣ್ಣೆ, ಉಣುಗು ಹೋಗಲು ಮೈಗೆ ಹಚ್ಚುವ ಔಷಧಿಯನ್ನು ಅಂಗಡಿಯವರು ಸ್ವಲ್ಪವೇ ಬೇಕೆಂದವರಿಗೆ ಹಳೇ ಜ್ಯೂಸ್ ಬಾಟಲಿಗೆ ಬಗ್ಗಿಸಿ ಕೊಡುವುದುಂಟು. ಮನೆಗೆ ಬಂದ ಬಾಟಲಿ ಕೊಟ್ಟಿಗೆಯ ಗೂಡಿನಲ್ಲೋ ಕಿಟಕಿಯ ಮೇಲೋ ಕೂರುತ್ತದೆ. ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ ಔಷಧಿಗಳೂ ಇವೆ. ಬಿಸಿಲಿನಲ್ಲಿ ಆಡಿ ಬಂದ ಐದು ವರ್ಷದ ಮಗುವಿಗೆ ಅದು ಏನಾಗಿ ಕಂಡೀತು, ನೀವೇ ಊಹಿಸಿ. ಹಾಲು ಕರೆಯುವ ಯಂತ್ರ ತೊಳೆಯುವ ಕ್ಷಾರ, ಆಮ್ಲದ ಪುಡಿ ಮತ್ತು ದ್ರಾವಣ, ಶೌಚಾಲಯದ ಆಸಿಡ್, ಸೀಮೆಎಣ್ಣೆ, ಹೊಲದ ಕೀಟನಾಶಕ ಎಲ್ಲವೂ ಇದೇ ಸಾಲಿಗೆ ಸೇರಿದವು.

ಔಷಧಿಯನ್ನು ಕಂಪನಿಯ ಬಾಟಲಿಯಲ್ಲೇ, ಚೀಟಿ ಕೀಳದೆ ಇಡಿ. ಒಂದು ಹಳೇ ಟ್ರಂಕು, ಒಂದು ಬೀಗ ಸಾಕು. ನಾಲ್ಕು ಮನೆಯವರು ಸೇರಿ ಒಂದು ಪೂರ್ತಿ ಬಾಟಲಿ ಕೊಂಡು, ಒಂದೇ ದಿನ ಎಲ್ಲರ ದನಗಳಿಗೂ ಹಚ್ಚಿಸಿದರೆ ಬಗ್ಗಿಸಿ ಹಂಚಿಕೊಳ್ಳುವ ಪ್ರಶ್ನೆಯೇ ಇಲ್ಲ. ಉಣ್ಣೆಗೂ ಇದೇ ಒಳ್ಳೆಯದು. ಒಂದು ಮನೆಯ ಹಸುವಿಗೆ ಹಚ್ಚಿ ಪಕ್ಕದ ಮನೆಯದನ್ನು ಬಿಟ್ಟರೆ ಹತ್ತೇ ದಿನಕ್ಕೆ ಮತ್ತೆ ಹತ್ತುತ್ತದೆ.

ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಿಸೆನೀರು, ಗಂಟಲಿಗೆ ಬೆರಳು ಯಾವುದೂ ಬೇಡ. ಆಸಿಡ್ ಕುಡಿದಿದ್ದರೆ ವಾಂತಿಯಲ್ಲಿ ಗಂಟಲು ಎರಡನೇ ಸಲ ಸುಡುತ್ತದೆ. ಸೀಮೆಎಣ್ಣೆಯಾದರೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಬಟ್ಟೆ ಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಮೈ ತೊಳೆಯಿರಿ, ಮಂಪರಿದ್ದರೆ ಮಗ್ಗುಲಿಗೆ ಮಲಗಿಸಿ, ಹೊರಡುವಾಗ ಬಾಟಲಿಯನ್ನು ಮರೆಯದೆ ಒಯ್ಯಿರಿ. ಇದು ಬಹಳ ಮುಖ್ಯ. ಕೆಲವು ಕೀಟನಾಶಕಗಳಿಗೆ ಅಟ್ರೋಪಿನ್ ಎಂಬ ಪ್ರತಿಮದ್ದು ಇದೆ. ಅಂಥ ವಿಷ ತಿಂದ ಹಸುವಿಗೂ ನಾವು ಅದನ್ನೇ ಕೊಡುವುದು. ಬೇರೆ ಗುಂಪಿನ ಔಷಧಿಗಳಿಗೆ ಅದು ಪ್ರತಿಮದ್ದಲ್ಲ. ಯಾವುದನ್ನು ಕುಡಿದಿದೆ ಎಂದು ವೈದ್ಯರಿಗೆ ಬಾಟಲಿಯ ಚೀಟಿ ಹೇಳುವಷ್ಟು ಚೆನ್ನಾಗಿ ಅಳುತ್ತಿರುವ ಮನೆಯವರು ಹೇಳಲಾರರು.

ನಾಯಿ ಕಚ್ಚಿದರೆ, ಹಸು ಜೊಲ್ಲು ಸುರಿಸಿದರೆ

ಮಕ್ಕಳು ನಾಯಿ ಕಚ್ಚಿದ್ದನ್ನು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತವೆ. ‘ಕಚ್ಚಿದರೆ ಹೇಳು, ಬೈಯಲ್ಲ’ ಎಂದು ಇವತ್ತೇ ಹೇಳಿಬಿಡಿ. ಮರಿನಾಯಿ ಪರಚಿದ್ದೂ ಲೆಕ್ಕಕ್ಕೆ ಬರುತ್ತದೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಸುಣ್ಣ, ಮೆಣಸಿನಪುಡಿ, ನಾಟಿ ಸೊಪ್ಪು ಬೇಡ. ಚರ್ಮದೊಳಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಹಾಕುತ್ತಾರೆ. ಗಾಯ ಆಳವಾಗಿದ್ದರೆ, ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು. ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಮುಖ, ಕುತ್ತಿಗೆಗೇ ಬರುತ್ತದೆ, ಅಂಥ ಗಾಯದಲ್ಲಿ ಒಂದು ದಿನವೂ ಕಾಯುವಂತಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಹಸುವಿಗೂ ರೇಬೀಸ್ ಬರುತ್ತದೆ. ಮೇವು ಬಿಟ್ಟು, ಜೊಲ್ಲು ಸುರಿಸಿ, ಒಂದೇ ಸಮನೆ ಒರಲುತ್ತಿದ್ದರೆ ‘ಗಂಟಲಿಗೆ ಏನೋ ಸಿಕ್ಕಿದೆ’ ಎಂದು ಬಾಯಿಗೆ ಕೈ ಹಾಕುವವರಿದ್ದಾರೆ. ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ನಮಗೆ ಹೇಳಿ. ಇಂಥದ್ದಕ್ಕೆ ಮಾತ್ರ ಮೊದಲ ಫೋನು ನಮಗೇ ಬರಲಿ. ಆ ಹಸುವಿನ ಹಾಲನ್ನು ಡೇರಿಗೆ ಹಾಕುವಂತಿಲ್ಲ, ಮನೆಯಲ್ಲೂ ಬಳಸುವಂತಿಲ್ಲ. ಕಾಯಿಸಿದ ಹಾಲು ಕುಡಿದವರಿಗೆ ಅದರಿಂದ ರೇಬೀಸ್ ಬರುವುದಿಲ್ಲ, ಗಾಬರಿ ಬೇಡ. ಜೊಲ್ಲು ಗಾಯಕ್ಕೆ ತಾಗಿದವರು, ಹಸಿ ಹಾಲು ಕುಡಿದವರು ವೈದ್ಯರಿಗೆ ತೋರಿಸಿಕೊಳ್ಳಲಿ.

ಹಾವಿನ ವಿಷಯದಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ, ಉಳಿದದ್ದು ನಿಮಗೆ ಗೊತ್ತಿದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವು ಎನ್ನುತ್ತದೆ, ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ. ದೃಷ್ಟಿ ತೆಗೆಯುತ್ತಾ ಕೂರಬೇಡಿ, ಓಡಿ. ಹಗ್ಗ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ಕೈಕಾಲು ಅಲುಗಾಡದಂತೆ ಮಲಗಿಸಿ ಒಯ್ಯಿರಿ. ಸೊಳ್ಳೆಪರದೆಯನ್ನು ಚಾಪೆಯಡಿ ಸಿಕ್ಕಿಸಿ ಮಲಗಿಸಿದರೆ ಇದನ್ನು ಬಹುಪಾಲು ತಡೆಯಬಹುದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ.

ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು, ಆಮೇಲೆ ತೆಳು ಶುಭ್ರ ಬಟ್ಟೆ, ಅಷ್ಟೇ. ಟೂತ್‌ಪೇಸ್ಟು, ಬೆಣ್ಣೆ ಹಚ್ಚುವುದು ಬೇಡ. ದನಕ್ಕೆ ಹುರುಳಿ ಬೇಯಿಸಿ ನೆಲದ ಮೇಲೆ ಆರಲು ಇಡುವ ಪಾತ್ರೆಯ ಬಗ್ಗೆ ಎಚ್ಚರ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಎಷ್ಟು ಜಾರುತ್ತದೆಂದರೆ ಈಜು ಬಂದವರೂ ಮೇಲೆ ಹತ್ತಲಾರರು. ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ಕೃಷಿ ಭಾಗ್ಯದಲ್ಲಿ ಹೊಂಡದ ಸುತ್ತ ತಂತಿಬೇಲಿಗೂ ನೆರವಿದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ತೊಟ್ಟಿ, ಸಂಪು, ಗೋಬರ್ ಗ್ಯಾಸಿನ ಗುಂಡಿಗಳಿಗೆ ಮುಚ್ಚಳ ಇರಲೇಬೇಕು.

ಡೇರಿ ಏನು ಮಾಡಬಹುದು

ಊರಿನಲ್ಲಿ ದಿನಕ್ಕೆ ಎರಡು ಸಲ, ಹೊತ್ತು ತಪ್ಪದೆ ಎಲ್ಲ ಮನೆಯವರೂ ಸೇರುವ ಜಾಗ ಬೇರೆ ಯಾವುದಿದೆ? ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಇಬ್ಬರೂ ನಿಮ್ಮ ಊರಿನವರೇ, ಎಷ್ಟೋ ಕಡೆ ಅವರೂ ಡೇರಿಗೆ ಹಾಲು ಹಾಕುತ್ತಾರೆ. ನಮ್ಮ ಪಶು ಆರೋಗ್ಯ ಶಿಬಿರ ಇರುವ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೂ ಕರೆಸಿ, ಅರ್ಧ ಗಂಟೆ ಮಕ್ಕಳ ಪ್ರಥಮ ಚಿಕಿತ್ಸೆ ತೋರಿಸಲು ಕೇಳಿ. ನೀರಿಗೆ ಬಿದ್ದು ಉಸಿರು ನಿಂತ ಮಗುವಿಗೆ ಬಾಯಿಂದ ಉಸಿರು ಊದುವುದು, ಎದೆ ಒತ್ತುವುದು ಓದಿ ಕಲಿಯುವ ವಿದ್ಯೆಯಲ್ಲ, ಗೊಂಬೆಯ ಮೇಲೆ ಕೈಯಿಟ್ಟೇ ಕಲಿಯಬೇಕು. ಅಧ್ಯಕ್ಷರಿಗೆ ಒಂದು ಅರ್ಜಿ ಬರೆದು ನಾಲ್ಕು ಜನ ಸಹಿ ಹಾಕಿ ಕೊಟ್ಟರೆ ವಿಷಯ ಸಭೆಗೆ ಬರುತ್ತದೆ. ಮಹಿಳಾ ಸಂಘಗಳಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಯೂ ನಿಮ್ಮವರೇ, ಇನ್ನೂ ಸುಲಭ.

ಹಾಲಿನ ದರ, ಫ್ಯಾಟು ಬರೆಯುವ ಬೋರ್ಡಿನ ಪಕ್ಕ ಇನ್ನೊಂದು ಬೋರ್ಡು ಇರಲಿ. 108 ಎಂದು ದೊಡ್ಡದಾಗಿ. ಅದರ ಕೆಳಗೆ ರಾತ್ರಿಯೂ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ದೂರ, ಮಕ್ಕಳ ವೈದ್ಯರು ಎಲ್ಲಿದ್ದಾರೆ, ಹಾವಿನ ಮದ್ದು ಮತ್ತು ರೇಬೀಸ್ ಲಸಿಕೆ ಎಲ್ಲಿ ಸಿಗುತ್ತದೆ. ಇವನ್ನು ಆಶಾ ಅವರ ಕೈಯಲ್ಲಿ ವಿಚಾರಿಸಿ ಬರೆಸಿ. 108ಕ್ಕೆ ಕರೆ ಮಾಡಿದಾಗ ಊರು, ಹೋಬಳಿ, ಮಗುವಿನ ವಯಸ್ಸು, ಏನಾಯಿತು ಎಂಬುದನ್ನು ಹೇಳಿ. ಗುರುತಿಗೆ ‘ಹಾಲಿನ ಡೇರಿ ಹತ್ತಿರ’ ಎಂದರೆ ಸಾಕು. ಗಾಡಿ ಬರುವುದು ತಡ ಎಂದಾದರೆ ಸಿಕ್ಕ ಗಾಡಿಯಲ್ಲಿ ಹೊರಡಬೇಕಾಗುತ್ತದೆ, ಹಾಗಾಗಿ ಊರಿನಲ್ಲಿ ಕಾರು, ಆಟೋ ಇರುವ ಇಬ್ಬರು ಮೂವರನ್ನು ಮೊದಲೇ ಒಪ್ಪಿಸಿ ಅವರ ನಂಬರೂ ಬರೆಸಿಡಿ. ‘ಗಾಯಾಳುವನ್ನು ಕರೆದೊಯ್ದರೆ ಪೊಲೀಸರ ತಾಪತ್ರಯ’ ಎಂದು ಹಿಂಜರಿಯುವವರಿಗೆ ಹೇಳಿ: ನೆರವಾದವರಿಗೆ ರಕ್ಷಣೆ ಕೊಡುವ ಕಾಯ್ದೆ ಕರ್ನಾಟಕದಲ್ಲಿದೆ.

ಖರ್ಚಿನ ಮಾತು ಕೊನೆಗೆ. ಸಹಕಾರ ಸಂಘದ ಸದಸ್ಯರಾಗಿರುವ ನಿಮಗೆ ಯಶಸ್ವಿನಿ ಯೋಜನೆ ಇದೆ. 2003ರಲ್ಲಿ ಶುರುವಾಗಿ, ನಡುವೆ ನಿಂತು, ಈಗ ಮತ್ತೆ ನಡೆಯುತ್ತಿದೆ. ನೋಂದಣಿ ವರ್ಷಕ್ಕೊಮ್ಮೆ, ಗೊತ್ತಾದ ದಿನಾಂಕದೊಳಗೆ ಮಾತ್ರ. ಮಕ್ಕಳ ಹೆಸರು ಕಾರ್ಡಿನಲ್ಲಿ ಸೇರಿದೆಯೇ ಎಂದು ನೋಡಿ. ಹೆರಿಗೆಯಾದ ಮೇಲೆ ಸೇರಿಸದೆ ಉಳಿದ ಚಿಕ್ಕ ಮಗುವಿನ ಹೆಸರೇ ಹೆಚ್ಚಾಗಿ ಬಿಟ್ಟುಹೋಗಿರುತ್ತದೆ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡನ್ನೂ ಮಾಡಿಸಿಟ್ಟುಕೊಳ್ಳಿ. ಮುಂದಿನ ಬಟವಾಡೆ ದಿನ ಡೇರಿಗೆ ಬರುವಾಗ ಮಕ್ಕಳ ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ ತಂದರೆ ಕಾರ್ಯದರ್ಶಿಯವರ ಹತ್ತಿರ ಕೂತು ಎರಡನ್ನೂ ಅಲ್ಲೇ ನೋಡಿಸಿಕೊಳ್ಳಬಹುದು.