ಮಂದ್ರಕ್ಕೊಂದು ಹಳೆಯ ಸುರುಳಿ

ಗಣೇಶ ಹಬ್ಬದ ದಿನಗಳಲ್ಲಿ ಕಲಬುರಗಿಯ ಯಾವುದಾದರೊಂದು ಬಡಾವಣೆಯ ಪೆಂಡಾಲಿನೆದುರು ಆರ್ಕೆಸ್ಟ್ರಾ ಕೇಳುತ್ತ ನಿಂತವರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿರುತ್ತದೆ. ಹಾಡುಗಾರರ ದನಿ ಕಿವಿಗೆ ಕೇಳುತ್ತದೆ. ಬೇಸ್ ಗಿಟಾರಿನ ದನಿ ಎದೆಗೆ ತಟ್ಟುತ್ತದೆ. ಹಾಡು ಮುಗಿದು ಚಪ್ಪಾಳೆಯೂ ನಿಂತ ಮೇಲೆ, ಯಾರೂ ಏನೂ ನುಡಿಸದಿದ್ದರೂ, ಸ್ಪೀಕರಿನಿಂದ ‘ಗುಂ’ ಎನ್ನುವ ಸದ್ದೊಂದು ಹೊರಡುತ್ತಲೇ ಇರುತ್ತದೆ. ಆ ದನಿಗೂ ಈ ಗುಂಗಿಗೂ ಬಾಗಿಲು ಒಂದೇ. ತಂತಿಗಳ ಕೆಳಗೆ ಅಡಗಿ ಕುಳಿತ, ಬೆರಳುದ್ದದ ಒಂದು ಕರಿಯ ಡಬ್ಬಿ. ಅದರ ಹೆಸರು ಪಿಕಪ್.

ತಬಲಾಕ್ಕೆ ಡಗ್ಗಾ ಹೇಗೋ ವಾದ್ಯವೃಂದಕ್ಕೆ ಬೇಸ್ ಹಾಗೆ. ಅದು ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಾಗ ಎಲ್ಲವೂ ಬರಿದೆನಿಸುತ್ತದೆ. 1981ರ ‘ಗೀತಾ’ ಮತ್ತು 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಿಗೆ ಇಳಯರಾಜಾ ಕೊಟ್ಟ ಸಂಗೀತವನ್ನು ಮತ್ತೊಮ್ಮೆ ಕಿವಿಗೊಟ್ಟು ಕೇಳಿದರೆ, ಹಾಡಿನ ಅಡಿಯಲ್ಲಿ ಇನ್ನೊಂದು ಹಾಡು ನಡೆಯುತ್ತಿರುವುದು ತಿಳಿಯುತ್ತದೆ. ಈಚಿನ ವರ್ಷಗಳಲ್ಲಿ ಅನೇಕ ತಂಡಗಳಲ್ಲಿ ಆ ಕೆಲಸವನ್ನು ಕೀಬೋರ್ಡೇ ವಹಿಸಿಕೊಂಡಿದೆ. ಇನ್ನೂ ನಾಲ್ಕು ತಂತಿಯ ವಾದ್ಯವನ್ನೇ ಹಿಡಿದವರು ಸಾಮಾನ್ಯ ಬೆಲೆಯ ಗಿಟಾರಿನಲ್ಲಿ ಒಳ್ಳೆಯ ದನಿ ಹೊರಡಿಸಲು ಹುಡುಕುವ ಮೊದಲ ದಾರಿಯೆಂದರೆ ಪಿಕಪ್ ಬದಲಾಯಿಸುವುದು. ಅದೂ ‘ವಿಂಟೇಜ್’ ಆದರೆ, ಅಂದರೆ ಹಲವು ದಶಕಗಳಷ್ಟು ಹಳೆಯದಾದರೆ, ಇನ್ನೂ ಮೇಲು ಎಂಬ ನಂಬಿಕೆ ಅವರಲ್ಲಿದೆ. ಈ ನಂಬಿಕೆಯಲ್ಲಿ ನಿಜವೆಷ್ಟು?

ಪಿಕಪ್ಪಿನ ಒಳಗುಟ್ಟು ತಿಳಿಯಲು ಅಮೆರಿಕೆಗೆ ಹೋಗಬೇಕಿಲ್ಲ. ಕಲಬುರಗಿಯಿಂದ ಹುಮನಾಬಾದಿನತ್ತ ಹೋಗುವ ಹೆದ್ದಾರಿಯಲ್ಲಿ ಸಿಗುವ ಊರು ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ನೆಲ. ಬಾಳೆಗೆ ನೀರು ಬೇಕು, ನೀರಿಗೆ ಪಂಪು ಬೇಕು. ಪಂಪಿನ ಮೋಟಾರು ಸುಟ್ಟರೆ ರೈತ ಅದನ್ನು ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾನೆ. ಅಲ್ಲಿ ಕರಕಲಾದ ಸುರುಳಿಯನ್ನು ಕಿತ್ತು, ಎನಾಮಲ್ ಲೇಪದ ಹೊಸ ತಾಮ್ರದ ತಂತಿಯನ್ನು ಲೆಕ್ಕವಿಟ್ಟು ಸುತ್ತುತ್ತಾರೆ. ಪಿಕಪ್ಪೂ ಇಂಥದೇ ಒಂದು ಸುರುಳಿ. ಮೋಟಾರಿನಲ್ಲಿ ವಿದ್ಯುತ್ತು ಚಲನೆಯಾಗುತ್ತದೆ. ಇಲ್ಲಿ ಚಲನೆ ವಿದ್ಯುತ್ತಾಗುತ್ತದೆ. ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಅದುರಿದಾಗ ಸುತ್ತಲಿನ ಕಾಂತಕ್ಷೇತ್ರ ಕಲಕುತ್ತದೆ, ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವಿದು. ವ್ಯತ್ಯಾಸ ಇರುವುದು ತಂತಿಯ ದಪ್ಪದಲ್ಲಿ. ಬೇಸ್ ಪಿಕಪ್ಪಿಗೆ ಬಳಸುವ ತಂತಿ ಸುಮಾರು 0.06 ಮಿಲಿಮೀಟರ್, ಕೂದಲೆಳೆಯಷ್ಟು. ಅಂಥದ್ದನ್ನು ಕಡಿಯದಂತೆ ಸುಮಾರು 10 ಸಾವಿರ ಸುತ್ತು ಸುತ್ತಬೇಕು.

ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ‘ಪ್ರಿಸಿಶನ್ ಬೇಸ್’ ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದವರಿಗೆ ಅದು ಹೆಗಲಿಗೆ ತೂಗುಹಾಕಿಕೊಳ್ಳಬಲ್ಲ ವಾದ್ಯವಾಯಿತು. ಗಿಟಾರಿನೊಡನೆ ಬಂದ ಪಿಕಪ್ಪನ್ನು ಕಿತ್ತು ಬೇರೆಯದನ್ನು ಕೂರಿಸುವ ರೂಢಿ ದೊಡ್ಡದಾಗಿ ಬೆಳೆದದ್ದು 1970ರ ದಶಕದಲ್ಲಿ. ಡಿಮಾರ್ಜಿಯೊ, ಸೆಮೋರ್ ಡಂಕನ್ ಮೊದಲಾದ ಕಂಪನಿಗಳು ಬದಲಿ ಪಿಕಪ್ಪುಗಳನ್ನೇ ಕಸುಬಾಗಿ ಮಾಡಿಕೊಂಡವು. ಅವುಗಳ ಆರಂಭದ ತಯಾರಿಕೆಗಳೂ ಈಗ ‘ವಿಂಟೇಜ್’ ಎನಿಸಿಕೊಂಡಿವೆ.

ಹಳೆಯದರ ದನಿ ಬೇರೆ ಎನ್ನುವುದು ಬರಿಯ ಕಟ್ಟುಕಥೆಯಲ್ಲ. ಆದರೆ ಅದಕ್ಕೆ ಕಾರಣ ವಯಸ್ಸಿಗಿಂತ ಹೆಚ್ಚಾಗಿ ತಯಾರಿಕೆ. ಅಯಸ್ಕಾಂತ ಯಾವುದು, ತಂತಿ ಎಷ್ಟು ಸುತ್ತು, ಎಷ್ಟು ಬಿಗಿ ಎಂಬುದು ದನಿಯನ್ನು ನಿರ್ಧರಿಸುತ್ತದೆ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್‌ಗಳನ್ನು ಕಬ್ಬಿಣದೊಡನೆ ಬೆರೆಸಿದ ‘ಅಲ್ನಿಕೊ’ ಅಯಸ್ಕಾಂತದ ದನಿ ತುಸು ಮೆದು. ಸೆರಾಮಿಕ್ ಅಯಸ್ಕಾಂತದ್ದು ಹೆಚ್ಚು ಚುರುಕು. ಸುತ್ತು ಹೆಚ್ಚಿದಷ್ಟೂ ದನಿ ಜೋರಾಗುತ್ತದೆ, ಮೇಲಿನ ಹೊಳಪು ತಗ್ಗುತ್ತದೆ. ಹಿಂದೆ ಕೈಯಿಂದ ತಂತಿ ಹಿಡಿದು ಸುತ್ತುತ್ತಿದ್ದುದರಿಂದ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಹಾಗಾಗಿ ಹಳೆಯವುಗಳಲ್ಲಿ ಅಪರೂಪದವೂ ಉಂಟು, ತೀರ ಸಾಧಾರಣವೂ ಉಂಟು. ವಯಸ್ಸು ತರುವ ಕೆಡುಕುಗಳಂತೂ ಇದ್ದೇ ಇವೆ. ಬೆವರಿನ ಉಪ್ಪು, ತೇವ ತಗುಲಿ ತಾಮ್ರ ತಿಂದುಹೋಗುತ್ತದೆ. ಕೂದಲೆಳೆಯ ತಂತಿ ಒಂದು ಕಡೆ ಕಡಿದರೂ ಸಾಕು, ಸುರುಳಿ ಮೂಕವಾಗುತ್ತದೆ. ಆದ್ದರಿಂದ ಹಣ ಕೊಡುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡುವುದು ಜಾಣತನ. ಪ್ರಿಸಿಶನ್ ಮಾದರಿಯ ಪಿಕಪ್ಪು ಸಾಮಾನ್ಯವಾಗಿ 10 ಕಿಲೋ ಓಮ್ ಆಸುಪಾಸು ತೋರಿಸುತ್ತದೆ. ಮುಳ್ಳು ಅಲುಗದಿದ್ದರೆ ಅದು ನುಡಿಯುವ ವಸ್ತುವಲ್ಲ, ನೋಡುವ ವಸ್ತು.

ಇನ್ನು ಗುಂಗಿನ ಮಾತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಬಾರಿ ತೂಗಾಡುತ್ತದೆ. ಸುರುಳಿಗೆ ತಂತಿಯ ಅದುರುವಿಕೆ ಯಾವುದು, ಪಕ್ಕದ ಟ್ರಾನ್ಸ್‌ಫಾರ್ಮರು, ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟಿನ ಸೋಂಕು ಯಾವುದು ಎಂಬ ಭೇದವಿಲ್ಲ. ಬೇಸಿನ ಅತಿ ದಪ್ಪ ತಂತಿ ಬಿಟ್ಟು ನುಡಿಸಿದರೆ ಸುಮಾರು 41 ಕಂಪನ. ಅದರ ಮೂರನೆಯ ಫ್ರೆಟ್ಟಿನಲ್ಲಿ 49. ಎಂದರೆ ಗುಂಗು ಕುಳಿತಿರುವುದು ಬೇಸಿನ ಮನೆಯ ನಡುಮನೆಯಲ್ಲೇ. ಕೆಳಗಿನ ಕಂಪನಗಳನ್ನೇ ತಗ್ಗಿಸಿ ಅದನ್ನು ಹೊರಗಟ್ಟಲು ಹೋದರೆ ಮಂದ್ರವೂ ಜೊತೆಗೇ ಹೊರಟುಹೋಗುತ್ತದೆ.

ಇದಕ್ಕೆ ಪರಿಹಾರ 1957ರಲ್ಲಿ ಬಂತು. ಫೆಂಡರ್ ಕಂಪನಿ ಪ್ರಿಸಿಶನ್ ಬೇಸಿನ ಒಂದು ಸುರುಳಿಯನ್ನು ಎರಡಾಗಿ ಒಡೆದು, ಎರಡೆರಡು ತಂತಿಗಳ ಕೆಳಗೆ ಒಂದೊಂದನ್ನು ಹಿಂದೆ ಮುಂದಾಗಿ ಕೂರಿಸಿತು. ಹೊರಗಿನಿಂದ ಬಂದ ಗುಂಗು ಎರಡರಲ್ಲೂ ಸಮಬಲದಿಂದ, ಆದರೆ ವಿರುದ್ಧ ದಿಕ್ಕಿನಲ್ಲಿ ಹುಟ್ಟಿ ಒಂದನ್ನೊಂದು ಅಳಿಸುತ್ತದೆ. ತಂತಿಯ ದನಿ ತನ್ನ ಪಾಲಿನ ಒಂದೇ ಸುರುಳಿಯಲ್ಲಿ ಹುಟ್ಟುವುದರಿಂದ ಉಳಿಯುತ್ತದೆ. ‘ಹಳೆಯದಾದಷ್ಟೂ ಒಳ್ಳೆಯದು’ ಎಂಬ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಜನರೇಟರಿನ ಪಕ್ಕದಲ್ಲಿ, ಬಣ್ಣದ ದೀಪಗಳ ನಡುವೆ ನುಡಿಸುವವನಿಗೆ 1951ರ ಒಂಟಿ ಸುರುಳಿಗಿಂತ 1957ರ ಒಡೆದ ಸುರುಳಿಯೇ ಲೇಸು.

ಬದಲಾಯಿಸುವ ಕೆಲಸ ಕಠಿಣವಲ್ಲ. ರೇಡಿಯೊ ರಿಪೇರಿ ಬಲ್ಲ ಕೈಗೆ ಸಾಧ್ಯವಾದದ್ದೇ. ಕುಳಿಯ ಅಳತೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು. ಹಳೆಯ ಪಿಕಪ್ಪಿಗಾಗಿ ಮರ ಕೊರೆದರೆ ಮರ ಮತ್ತೆ ಬಾರದು. ಯಾವ ತಂತಿ ಎಲ್ಲಿಗೆ ಬೆಸೆದಿದೆ ಎಂಬುದನ್ನು ಚಿತ್ರ ಬರೆದಿಟ್ಟುಕೊಳ್ಳಬೇಕು. ಎರಡು ಪಿಕಪ್ಪುಗಳಿರುವ ಬೇಸಿನಲ್ಲಿ ಒಂದರ ತಂತಿಗಳು ಅದಲುಬದಲಾದರೆ, ಎರಡನ್ನೂ ಒಟ್ಟಿಗೆ ನುಡಿಸಿದಾಗ ಮಂದ್ರವೇ ಮಾಯವಾಗಿ ದನಿ ಡಬ್ಬಿ ಬಡಿದಂತಾಗುತ್ತದೆ. ಅಯಸ್ಕಾಂತವನ್ನು ತಂತಿಗೆ ತೀರ ಹತ್ತಿರ ಏರಿಸಿದರೆ ಅದು ತಂತಿಯನ್ನೇ ಸೆಳೆದು ಶ್ರುತಿಯನ್ನು ಕದಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ತಂತಿ ಇನ್ನೊಂದಿದೆ. ಗಿಟಾರಿನ ತಂತಿಗಳು ಕೂತಿರುವ ಲೋಹದ ಬ್ರಿಜ್ಜಿನಿಂದ ಒಳಗೆ ಬರುವ ಅರ್ಥ್ ತಂತಿಯದು. ಬದಲಾಯಿಸುವ ಅವಸರದಲ್ಲಿ ಇದನ್ನು ಮರೆತರೆ ಗುಂಗು ಹೆಚ್ಚುತ್ತದೆ. ಸರಿಯಾಗಿ ಬೆಸೆದಾಗಲೂ ಒಂದು ಎಚ್ಚರ ಬೇಕು: ವಾದಕನ ಬೆರಳುಗಳು ಆಗ ಆಂಪ್ಲಿಫೈಯರಿನ ಮೈಗೆ ನೇರ ಜೋಡಿಸಲ್ಪಟ್ಟಿರುತ್ತವೆ. ವೇದಿಕೆಯ ವೈರಿಂಗಿನಲ್ಲಿ ಎಲ್ಲಾದರೂ ದೋಷವಿದ್ದು, ಬೆರಳು ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇದ್ದರೆ ನಡುವೆ ಸಿಕ್ಕಿಕೊಳ್ಳುವುದು ಮನುಷ್ಯನ ಎದೆ. 1972ರಲ್ಲಿ ವೇಲ್ಸ್‌ನ ಸ್ವಾನ್‌ಸೀ ನಗರದ ವೇದಿಕೆಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಅರ್ಥ್ ಇಲ್ಲದ ಮೈಕು ಮುಟ್ಟಿ ಸತ್ತದ್ದು ಹೀಗೆಯೇ. ಮೂರು ಪಿನ್ನಿನ ಪ್ಲಗ್ಗಿನ ಒಂದು ಪಿನ್ನು ಮುರಿದು ಎರಡರಲ್ಲೇ ಕೆಲಸ ಸಾಗಿಸುವ ನಮ್ಮ ರೂಢಿ ಎಷ್ಟು ಅಪಾಯದ್ದೆಂದು ಇದರಿಂದ ಊಹಿಸಬಹುದು. ಬೇಸಿಗೆಯಲ್ಲಿ ಬಿರುಕು ಬಿಡುವ ಈ ಸೀಮೆಯ ನೆಲದಲ್ಲಿ ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿದರೆ ಸಾಲದು, ಆಗಾಗ ನೀರೂ ಹೊಯ್ಯಬೇಕು. ಪೆಂಡಾಲಿನ ಸಂಪರ್ಕಕ್ಕೆ ಸೋರಿಕೆಯಾದೊಡನೆ ವಿದ್ಯುತ್ತು ಕಡಿಯುವ ರಕ್ಷಕ ಸ್ವಿಚ್ಚನ್ನೂ ಹಾಕಿಸಬೇಕು. ಅದರ ಖರ್ಚು ಒಳ್ಳೆಯ ಪಿಕಪ್ಪಿಗಿಂತ ಹೆಚ್ಚಲ್ಲ.

ಹಾಗಾದರೆ ಹಳೆಯ ದನಿ ಎಲ್ಲಿದೆ? ಅಮೆರಿಕದ ಮೋಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಶನ್ ಬೇಸಿನಲ್ಲಿ ನುಣುಪಾದ ದಪ್ಪ ತಂತಿಗಳನ್ನು ಕಟ್ಟಿ, ಬದಲಾಯಿಸದೆ ವರ್ಷಗಟ್ಟಲೆ ನುಡಿಸುತ್ತಿದ್ದ. ಅವನ ದನಿಯಲ್ಲಿ ಪಿಕಪ್ಪಿನ ಪಾಲಿತ್ತು, ಮಾಸಿದ ತಂತಿಯ ಪಾಲಿತ್ತು, ಎಲ್ಲಕ್ಕಿಂತ ಹೆಚ್ಚು ಬೆರಳಿನ ಪಾಲಿತ್ತು. ಮಿರಜದ ತಂಬೂರಿಯಲ್ಲಿ ಜವಾರಿ ತೀಡುವವರನ್ನು ಕೇಳಿದರೂ ಇದೇ ಮಾತು ಬಂದೀತು: ಕುದುರೆ ತೀಡಿದರೆ ದನಿ ತೆರೆಯುತ್ತದೆ, ಶ್ರುತಿ ಹಿಡಿಯಬೇಕಾದ್ದು ಮಾತ್ರ ಕಿವಿಯೇ.

ಕಡೆಗೊಂದು ಮಾತು. ಹೊಸದೋ ಹಳೆಯದೋ ಬೇರೊಂದು ಪಿಕಪ್ಪು ಬಂತೆಂದು ಗಿಟಾರಿನೊಡನೆ ಹುಟ್ಟಿದ್ದನ್ನು ತಿಪ್ಪೆಗೆ ಎಸೆಯಬಾರದು. ಕಾಗದದಲ್ಲಿ ಸುತ್ತಿ, ತೆಗೆದ ವರ್ಷ ಬರೆದು, ಪೆಟ್ಟಿಗೆಯ ಮೂಲೆಯಲ್ಲಿ ಇಡಬೇಕು. ಇಂದು ಹುಡುಕಾಡಿ ತರುವ ವಿಂಟೇಜ್ ಸುರುಳಿಯೂ ಒಂದು ಕಾಲಕ್ಕೆ ಯಾರೋ ಎಸೆಯದೆ ಉಳಿಸಿಟ್ಟದ್ದೇ ಅಲ್ಲವೇ?