ಸ್ಪೇಸರ್ ಮುರಿಯುವುದು ಅಪರೂಪ, ಬೋಲ್ಟ್ ಸಡಿಲವಾಗುವುದು ಮಾಮೂಲು

ಫೋಕ್ಸ್‌ವ್ಯಾಗನ್ ಪೋಲೊ ಭಾರತದಲ್ಲಿ ತಯಾರಾಗುವುದು 2022ರಲ್ಲೇ ನಿಂತಿತು. ಆದರೂ ಅದರ ಜಿಟಿ ಟಿಎಸ್‌ಐ ಮಾದರಿಯ ಮೇಲೆ ಬೆಂಗಳೂರಿನ ಕಾರುಪ್ರಿಯರಿಗೆ ಇನ್ನೂ ಮೋಹ ಇಳಿದಿಲ್ಲ. 1.2 ಲೀಟರ್ ಟರ್ಬೊ ಎಂಜಿನ್, 105 ಅಶ್ವಶಕ್ತಿ, ಮುಂದಿನ ಚಕ್ರಗಳಿಗೆ ಎಳೆತ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡವರು ನೇರ ಜೆ.ಸಿ. ರಸ್ತೆಗೆ ಹೋಗಿ ಅಲಾಯ್ ವೀಲ್ ಹಾಕಿಸುತ್ತಾರೆ. ಹಾಕಿದ ಮೇಲೂ ಚಕ್ರ ಮಡ್‌ಗಾರ್ಡಿನೊಳಗೆ ಮುದುಡಿ ಕೂತಂತೆ ಕಂಡರೆ ಅದರ ಹಿಂದೆ ಒಂದು ಅಲ್ಯೂಮಿನಿಯಂ ಬಿಲ್ಲೆ ಸೇರಿಕೊಳ್ಳುತ್ತದೆ. ಅದೇ ಸ್ಪೇಸರ್. ಅದರ ಬಗ್ಗೆ ಹೆದರಿಸುವವರೂ ಹೊಗಳುವವರೂ ಬೇಕಾದಷ್ಟು ಮಂದಿ ಇದ್ದಾರೆ. ಇಬ್ಬರೂ ಬಿಲ್ಲೆಯನ್ನಷ್ಟೇ ನೋಡುತ್ತಾರೆ, ಅದನ್ನು ಹಿಡಿದಿರುವ ಬೋಲ್ಟನ್ನು ನೋಡುವವರು ಕಡಿಮೆ.

“ಸ್ಪೇಸರ್ ಹಾಕಿದರೆ ಚಕ್ರ ಕಳಚಿಕೊಳ್ಳುವುದು ಖಂಡಿತ”

ಹಾಗೇನಿಲ್ಲ. ಪೋರ್ಷ ಕಂಪನಿ ತನ್ನ ಕೆಲವು 911 ಕಾರುಗಳಿಗೆ 5 ಮಿ.ಮೀ. ಸ್ಪೇಸರನ್ನು ತಾನೇ ಆಯ್ಕೆಯಾಗಿ ಕೊಟ್ಟಿದೆ. ಜರ್ಮನಿಯಲ್ಲಿ ಎಚ್ ಆಂಡ್ ಆರ್, ಐಬಾಕ್‌ನಂಥ ಕಂಪನಿಗಳು ಸ್ಪೇಸರ್‌ಗಳನ್ನು ಪರೀಕ್ಷಾ ವರದಿಯೊಂದಿಗೇ ಮಾರುತ್ತವೆ. ಯಾವ ಕಾರಿಗೆ, ಯಾವ ಚಕ್ರದೊಂದಿಗೆ, ಎಷ್ಟು ದಪ್ಪದವರೆಗೆ ಹಾಕಬಹುದು ಎಂಬುದು ಅದರಲ್ಲಿರುತ್ತದೆ. ಕಳಚಿದ ಚಕ್ರಗಳ ಕಥೆಗಳು ಸುಳ್ಳಲ್ಲ. ಆದರೆ ಅಲ್ಲಿ ಬಿಲ್ಲೆ ಒಡೆದದ್ದಕ್ಕಿಂತ ಬೋಲ್ಟು ಬಿಟ್ಟುಕೊಟ್ಟದ್ದೇ ಹೆಚ್ಚು.

“ಬೋಲ್ಟು ಹಳೆಯದೇ ನಡೆಯುತ್ತೆ ಸರ್, ಏನೂ ಆಗಲ್ಲ”

ಅಂಗಡಿಯಲ್ಲಿ ಈ ಮಾತು ಕೇಳಿದರೆ ಕಾರಿನ ಕೀ ವಾಪಸ್ ತೆಗೆದುಕೊಳ್ಳಿ. ಪೋಲೊ ಹಬ್‌ನಲ್ಲಿ ಇರುವುದು ಐದು ಎಂ14 ಬೋಲ್ಟ್‌ಗಳು, ಒಂದು ಸುತ್ತಿಗೆ 1.5 ಮಿ.ಮೀ. ಒಳಹೋಗುವ ಮರೆ. ನಡುವೆ 5 ಮಿ.ಮೀ. ಸ್ಪೇಸರ್ ಬಂದರೆ ಹಳೆ ಬೋಲ್ಟು ಮೂರಕ್ಕೂ ಹೆಚ್ಚು ಸುತ್ತಿನ ಹಿಡಿತ ಕಳೆದುಕೊಳ್ಳುತ್ತದೆ. ಬೋಲ್ಟಿನ ದಪ್ಪ ಎಷ್ಟೋ ಮರೆಯೊಳಗಿನ ಹಿಡಿತ ಹೆಚ್ಚುಕಡಿಮೆ ಅಷ್ಟಿರಬೇಕೆಂಬುದು ಮೆಕ್ಯಾನಿಕ್‌ಗಳ ಹಳೆ ಲೆಕ್ಕ. ಇಲ್ಲಿ ಅದು ಒಂಬತ್ತು ಸುತ್ತಿನಷ್ಟಾಯಿತು. ಏಳೆಂಟಕ್ಕಿಂತ ಕಡಿಮೆಯಾದರೆ ಆ ಬೋಲ್ಟು ಬೇಡ. 15 ಮಿ.ಮೀ. ಸ್ಪೇಸರ್‌ಗೆ ಮೂಲಕ್ಕಿಂತ 15 ಮಿ.ಮೀ. ಹೆಚ್ಚು ಉದ್ದದ ಬೋಲ್ಟು ಎಂಬ ನಿಯಮ ಸರಿಯೇ. ಆದರೆ ಹೊಸ ಅಲಾಯ್‌ನ ಒಡಲು ಕಂಪನಿ ಚಕ್ರದಷ್ಟೇ ದಪ್ಪ ಇರುತ್ತದೆಂಬ ಖಾತ್ರಿಯಿಲ್ಲ. ಹಾಗಾಗಿ ಕೈಯಲ್ಲೇ ತಿರುಗಿಸಿ ಸುತ್ತು ಎಣಿಸುವುದು ಒಳ್ಳೆಯದು. ಎಣಿಸಲು ಎರಡು ನಿಮಿಷ ಸಾಕು, ಗನ್ ಹಿಡಿದ ಹುಡುಗನಿಗೆ ಆ ಎರಡು ನಿಮಿಷ ಇರುವುದಿಲ್ಲ.

ಇದಕ್ಕಿಂತ ಕಣ್ತಪ್ಪಿಸುವ ತೊಂದರೆ ಬೋಲ್ಟಿನ ತಲೆಯ ಕೆಳಗಿದೆ. ಫೋಕ್ಸ್‌ವ್ಯಾಗನ್‌ನ ಮೂಲ ಬೋಲ್ಟು ಚಕ್ರದ ಮೇಲೆ ಕೂರುವ ಜಾಗ ಗೋಲಾಕಾರ. ಹೊರಗಿನ ಹೆಚ್ಚಿನ ಅಲಾಯ್‌ಗಳಲ್ಲಿ ಅದು 60 ಡಿಗ್ರಿಯ ಶಂಕುವಿನಾಕಾರ. ಗೋಲದ ಬೋಲ್ಟನ್ನು ಶಂಕುವಿನ ಗುಂಡಿಗೆ ಹಾಕಿ ಬಿಗಿದರೆ ಬಿಗಿಯಾದಂತೆಯೇ ಅನ್ನಿಸುತ್ತದೆ, ಟಾರ್ಕ್ ರೆಂಚ್ ಕೂಡ ಟಕ್ ಎನ್ನುತ್ತದೆ. ನಿಜದಲ್ಲಿ ಲೋಹಕ್ಕೆ ಲೋಹ ತಾಗುತ್ತಿರುವುದು ಕೂದಲೆಳೆಯಂಥ ಒಂದು ವರ್ತುಲದಲ್ಲಿ ಮಾತ್ರ. ಓಡಿದಂತೆಲ್ಲ ಆ ಅಂಚು ಸವೆದು ಬಿಗಿತ ಇಳಿಯುತ್ತದೆ. ಸ್ಪೇಸರ್ ಇಲ್ಲದಿದ್ದರೂ ಆಗುವ ಅನಾಹುತ ಇದು. ಆದರೆ ಆದಾಗ ಬೈಗುಳವೆಲ್ಲ ಸ್ಪೇಸರ್‌ಗೇ.

ಮಾರುತಿ ಸ್ವಿಫ್ಟ್‌ನಂಥ ಕಾರುಗಳಲ್ಲಿ ಬೋಲ್ಟಿಲ್ಲ. ಹಬ್‌ನಿಂದಲೇ ಸ್ಟಡ್ ಹೊರಚಾಚಿರುತ್ತದೆ, ಮೇಲಿನಿಂದ ನಟ್ಟು. ಅಲ್ಲಿ ಉದ್ದನೆಯ ಬೋಲ್ಟು ಕೊಂಡು ತಂದು ಹಾಕುವ ದಾರಿಯೇ ಇಲ್ಲ. ಒಂದೋ ಸ್ಟಡ್‌ಗಳನ್ನು ಪ್ರೆಸ್‌ನಲ್ಲಿ ತೆಗೆದು ಉದ್ದದವನ್ನು ಕೂರಿಸಬೇಕು, ಇಲ್ಲವೇ ತನ್ನದೇ ಸ್ಟಡ್ ಇರುವ ದಪ್ಪನೆಯ ಸ್ಪೇಸರ್ ಬೇಕು.

“ಪ್ಲಾಸ್ಟಿಕ್ ರಿಂಗ್ ಮೇಲೆ ಕಾರಿನ ಭಾರ ನಿಲ್ಲುತ್ತದೆಯೇ?”

ನಿಲ್ಲಬೇಕಾಗಿಯೇ ಇಲ್ಲ. ಪೋಲೊ ಹಬ್‌ನ ನಡುವಿನ ಕಂಠ 57.1 ಮಿ.ಮೀ. ಹೊರಗಿನ ಅಲಾಯ್‌ನ ನಡುತೂತು ಹಲವು ಕಾರುಗಳಿಗೆ ಹೊಂದಲೆಂದು ಅದಕ್ಕಿಂತ ದೊಡ್ಡದಿರುತ್ತದೆ. ನಡುವಿನ ಸಂದನ್ನು ಹಬ್ ರಿಂಗ್ ತುಂಬುತ್ತದೆ. ಅದರ ಕೆಲಸ ಚಕ್ರವನ್ನು ಬಿಗಿಯುವಾಗ ನಡುಮಧ್ಯಕ್ಕೆ ತಂದು ನಿಲ್ಲಿಸುವುದು, ಅಷ್ಟೆ. ಭಾರ ಹೊರುವುದು ಘರ್ಷಣೆ. 120 ನ್ಯೂಟನ್ ಮೀಟರ್‌ಗೆ ಬಿಗಿದ ಒಂದು ಎಂ14 ಬೋಲ್ಟು ಸುಮಾರು 4 ಟನ್ ಬಲದಿಂದ ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ. ಅಂಥವು ಐದು. ಒಂದು ಚಕ್ರದ ಪಾಲಿಗೆ ಬರುವ ಕಾರಿನ ಭಾರವೋ, ಮುನ್ನೂರು ಕಿಲೊ ಆಸುಪಾಸು.

ಆ ಒತ್ತು ಸಿಗಬೇಕಾದರೆ ಮುಖಕ್ಕೆ ಮುಖ ಸಪಾಟಾಗಿ ಕೂರಬೇಕು. ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜದೆ ಸ್ಪೇಸರ್ ಕೂರಿಸಿದರೆ ಮೊದಲ ನೂರು ಕಿಲೋಮೀಟರಿನಲ್ಲಿ ತುಕ್ಕು ಪುಡಿಯಾಗಿ ಬಿಗಿತ ಸಡಿಲುತ್ತದೆ. ಸ್ಪೇಸರ್‌ಗೂ ತನ್ನದೇ ಕಂಠ ಇರಬೇಕು. ಐದರಿಂದ ಹತ್ತು ಮಿ.ಮೀ. ದಪ್ಪದ ಅಗ್ಗದ ಬಿಲ್ಲೆಗಳು ಹಬ್‌ನ ಕಂಠವನ್ನು ಬಹುಪಾಲು ನುಂಗಿಬಿಡುತ್ತವೆ, ಬದಲಿಗೆ ತಮ್ಮದೊಂದನ್ನು ಕೊಡುವುದಿಲ್ಲ. ಎಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆಂದು ಮತ್ತೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸುವವರು ಮೊದಲು ಇದನ್ನು ನೋಡಬೇಕು. ಅಂದಹಾಗೆ ಸ್ಪೇಸರ್ ಹಾಕಿದ ಮಾತ್ರಕ್ಕೆ ವೀಲ್ ಅಲೈನ್‌ಮೆಂಟ್ ಕೆಡುವುದಿಲ್ಲ. ಆ ಬಿಲ್ಲು ಅಂಗಡಿಯವನ ಖುಷಿಗೆ.

“ತೂತು ಹೊಂದಿದರೆ ಚಕ್ರ ಹೊಂದಿತು”

ಪೋಲೊದ್ದು ಐದು ತೂತು, 100 ಮಿ.ಮೀ. ವೃತ್ತ. ಫಿಯಟ್ ಪುಂಟೊದ್ದು ನಾಲ್ಕು ತೂತು, 98 ಮಿ.ಮೀ. ಅದಕ್ಕೆ 100ರ ಚಕ್ರವನ್ನು ಒತ್ತಿ ಕೂರಿಸುವವರಿದ್ದಾರೆ. ಬೋಲ್ಟುಗಳು ಓರೆಯಾಗಿ ಕೂರುತ್ತವೆ, ಮೇಲೆ ಹೇಳಿದ ಬಿಗಿತದ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

ಹೆಚ್ಚು ಮಂದಿ ಎಡವುವುದು ಚಕ್ರದ ಹಿಂಬದಿಯಲ್ಲಿ ಅಚ್ಚೊತ್ತಿರುವ ಇಟಿ ಸಂಖ್ಯೆಯಲ್ಲಿ. ಚಕ್ರದ ನಡುಗೆರೆಗಿಂತ ಹಬ್‌ಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬುದೇ ಇಟಿ. ಸ್ಪೇಸರಿನ ದಪ್ಪವನ್ನು ಅದರಿಂದ ಕಳೆಯಬೇಕು. ಮೂಲ ಚಕ್ರ 6 ಇಂಚು ಅಗಲ, ಇಟಿ 40 ಎಂದಿಟ್ಟುಕೊಳ್ಳಿ. ಹೊಸದು 7 ಇಂಚು, ಇಟಿ 35, ಜೊತೆಗೆ 5 ಮಿ.ಮೀ. ಸ್ಪೇಸರ್. ಈಗ ಇಟಿ 30ಕ್ಕೆ ಇಳಿಯಿತು. “ಐದೇ ಮಿ.ಮೀ. ತಾನೇ” ಎಂದು ಹಾಕಿಸಿಕೊಂಡ ಚಕ್ರದ ಹೊರ ಅಂಚು ಮೊದಲಿಗಿಂತ ಸುಮಾರು 23 ಮಿ.ಮೀ. ಹೊರಬಂದಿರುತ್ತದೆ. ಒಳ ಅಂಚೂ 3 ಮಿ.ಮೀ.ನಷ್ಟು ಒಳಸರಿದಿರುತ್ತದೆ. ಖಾಲಿ ಕಾರಿನಲ್ಲಿ ಎಲ್ಲವೂ ಸರಿ. ಹಿಂದಿನ ಸೀಟಿನಲ್ಲಿ ಮೂವರು ಕೂತು ಹಂಪ್ ಹಾರಿಸಿದಾಗ ಟೈರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ.

“ಚಕ್ರಗಳ ಅಂತರ ಹೆಚ್ಚಿದಷ್ಟೂ ತಿರುವಿನಲ್ಲಿ ಹಿಡಿತ ಹೆಚ್ಚು”

ಅರ್ಧ ಸತ್ಯ. ಎಡಬಲ ಚಕ್ರಗಳ ಅಂತರ 1,450 ಮಿ.ಮೀ. ಎಂದು ಹಿಡಿಯಿರಿ. ಎರಡೂ ಬದಿ 15 ಮಿ.ಮೀ. ಸ್ಪೇಸರ್ ಹಾಕಿದರೆ ಅಂತರ 30 ಮಿ.ಮೀ. ಹೆಚ್ಚುತ್ತದೆ. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಸರಿಯುವ ಭಾರ ಶೇ 2ರಷ್ಟು ತಗ್ಗುತ್ತದೆ. ಒಳ್ಳೆಯ ಟೈರು ಕೊಡುವ ಲಾಭದ ಮುಂದೆ ಇದು ಲೆಕ್ಕಕ್ಕಿಲ್ಲ.

ಕೊಟ್ಟ ಬೆಲೆ ಮಾತ್ರ ಸ್ಟೀರಿಂಗ್‌ನಲ್ಲಿ ಕಾಣುತ್ತದೆ. ಮುಂದಿನ ಚಕ್ರ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಒಂದು ಬಿಂದು ಸಿಗುತ್ತದೆ. ಟೈರು ನೆಲಕ್ಕೆ ತಾಗುವ ಜಾಗದ ನಡುಬಿಂದು ಇನ್ನೊಂದು. ಇವೆರಡರ ಅಂತರವೇ ಸ್ಕ್ರಬ್ ರೇಡಿಯಸ್. 1972ರ ಆಡಿ 80 ಕಾರಿನಲ್ಲಿ ಮೊದಲ ಬಿಂದು ಎರಡನೆಯದರ ಹೊರಗೆ ಬೀಳುವಂತೆ ಬೇಕೆಂದೇ ಇಟ್ಟರು. ಬ್ರೇಕಿನ ಕೊಳವೆಗಳನ್ನು ಎಡಮುಂದು-ಬಲಹಿಂದು ಎಂದು ಕರ್ಣರೇಖೆಯಲ್ಲಿ ಹಂಚಿದಾಗ ಒಂದು ಕಡೆ ಕೈಕೊಟ್ಟರೆ ಮುಂದೆ ಒಂದೇ ಚಕ್ರ ಬ್ರೇಕ್ ಹಿಡಿಯುತ್ತದೆ, ಕಾರು ಆ ಕಡೆಗೆ ಎಳೆಯುತ್ತದೆ. ಈ ಜೋಡಣೆಯಲ್ಲಿ ಚಕ್ರ ತಾನಾಗಿಯೇ ವಿರುದ್ಧ ದಿಕ್ಕಿಗೆ ತುಸು ತಿರುಗಿ ಕಾರನ್ನು ನೇರ ಇಡುತ್ತದೆ. ಸ್ಪೇಸರ್ ಟೈರಿನ ನಡುಬಿಂದುವನ್ನು ಹೊರಗೆ ತಳ್ಳುವುದರಿಂದ, ಇಂಥ ಜೋಡಣೆಯ ಕಾರಿನಲ್ಲಿ ಆ ಉಪಕಾರವನ್ನು ಕೊರೆಯುತ್ತಾ ಹೋಗುತ್ತದೆ. ದಪ್ಪ ಹೆಚ್ಚಾದರೆ ಒಂದೇ ಚಕ್ರ ಗುಂಡಿಗಿಳಿದಾಗಲೂ ಸ್ಟೀರಿಂಗ್ ಕೈಯಲ್ಲಿ ಜಗ್ಗುತ್ತದೆ, ಟರ್ಬೊ ಎಳೆತ ಒಮ್ಮೆಲೇ ಬಂದಾಗ ಮೂತಿ ಆಚೀಚೆ ಹೊರಳುತ್ತದೆ. ವೀಲ್ ಬೇರಿಂಗ್ ಮೇಲಿನ ಸನ್ನೆಯೂ ಉದ್ದವಾಗುತ್ತದೆ. ನನ್ನನ್ನು ಕೇಳಿದರೆ, ಸರಿಯಾದ ಇಟಿ ಇರುವ ಅಲಾಯ್ ಕೊಳ್ಳಿ, ಸ್ಪೇಸರ್ ಬೇಕಾಗುವುದೇ ಇಲ್ಲ. ಬೇಕೇ ಬೇಕೆಂದರೆ ಮುಂದೆ ಹೆಚ್ಚು ದಪ್ಪ ಬೇಡ.

“ಆರ್‌ಟಿಒದವರು ಚಕ್ರ ನೋಡುವುದಿಲ್ಲ”

ನೋಡದಿರುವುದು ಅನುಮತಿಯಲ್ಲ. ಕಂಪನಿಯ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಬೀಳಬಹುದು. ಹೊಸ ಚಕ್ರದ ವಿಷಯ ವಿಮೆ ಕಂಪನಿಗೆ ಮೊದಲೇ ಬರೆದು ತಿಳಿಸಿರದಿದ್ದರೆ ಅಪಘಾತದ ಬಳಿಕ ಕ್ಲೇಮಿನ ತಕರಾರೂ ಏಳಬಹುದು.

ಇದನ್ನೆಲ್ಲ ಓದಿ ಸ್ಪೇಸರ್ ಬಿಚ್ಚಿಸಲು ಹೊರಟವರಿಗೆ ಒಂದು ಮಾತು: ಉದ್ದನೆಯ ಬೋಲ್ಟುಗಳನ್ನು ಮತ್ತೆ ಹಾಕಬೇಡಿ. ಪೋಲೊದ ಹಿಂಬದಿ ಇರುವುದು ಡ್ರಮ್ ಬ್ರೇಕ್. ಸ್ಪೇಸರ್ ಇಲ್ಲದೆ ಉದ್ದ ಬೋಲ್ಟು ಬಿಗಿದರೆ ತುದಿ ಡ್ರಮ್ಮಿನೊಳಕ್ಕೆ ಚಾಚಿ ಬ್ರೇಕ್ ಭಾಗಗಳಿಗೆ ತಾಗಬಹುದು. ಬಿಗಿದ ಮೇಲೆ, ಜಾಕ್ ಇಳಿಸುವ ಮುನ್ನ, ಪ್ರತಿ ಚಕ್ರವನ್ನೂ ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ.